ಕಾರಿನ ತಂಪಿನ ಪೂರ್ವೋತ್ತರ

ಏಪ್ರಿಲ್ ತಿಂಗಳ ಮಧ್ಯಾಹ್ನ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಕಾರಿನಲ್ಲಿ ಹೊರಟವರಿಗೆ ಸುಮಾರು 40 ಕಿಲೋಮೀಟರಿನ ಆ ದಾರಿ ಬಲು ದೂರವೆನಿಸುವುದುಂಟು. ತಂಪಿನ ಯಂತ್ರವೇ ಬಿಸಿಗಾಳಿ ಊದತೊಡಗಿದರಂತೂ ಹೇಳತೀರದು. ರಿಪೇರಿಯವರನ್ನು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ, "ಗ್ಯಾಸ್ ಮುಗಿದಿದೆ, ಸ್ವಾಮಿ." ತುಂಬಿಸುತ್ತಾರೆ, ತಂಪಾಗುತ್ತದೆ, ಮುಂದಿನ ಬೇಸಗೆಗೆ ಮತ್ತೆ ಅದೇ ಮಾತು. ಪೆಟ್ರೋಲು ಉರಿದು ಮುಗಿಯುತ್ತದೆ, ಸರಿ. ಈ ಗ್ಯಾಸು ಉರಿಯುವುದೂ ಇಲ್ಲ, ಸವೆಯುವುದೂ ಇಲ್ಲ. ಹಾಗಾದರೆ ಅದು ಮುಗಿಯುವುದೆಂದರೇನು? ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಭಾಷೆಯಲ್ಲಿ 'ಆರು' ಎಂಬ ಕ್ರಿಯಾಪದವೊಂದಿದೆ. ಬಟ್ಟೆ ಆರಿತು ಎಂದರೆ ಒಣಗಿತು. ಕಾಫಿ ಆರಿತು ಎಂದರೆ ತಣ್ಣಗಾಯಿತು. ಒಣಗುವುದಕ್ಕೂ ತಣಿಯುವುದಕ್ಕೂ ಒಂದೇ ಮಾತು! ದ್ರವವು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಂಡು ಹೋಗುತ್ತದೆಂಬ ಸಂಗತಿಯನ್ನು ಶಾಸ್ತ್ರ ಹೇಳುವುದಕ್ಕೆ ಎಷ್ಟೋ ಮೊದಲೇ ಜನ ಅನುಭವದಿಂದ ಬಲ್ಲವರಾಗಿದ್ದರು. ಮಣ್ಣಿನ ಹೂಜಿ, ನೀರು ಚಿಮುಕಿಸಿದ ಲಾವಂಚದ ತಟ್ಟಿ ಇವೆಲ್ಲ ಅದರ ಪ್ರಯೋಗಗಳೇ. ದುರ್ಗದ ಒಣಹವೆಗೆ ಇವು ಚೆನ್ನಾಗಿ ಒಪ್ಪುತ್ತವೆ. ಮಂಗಳೂರಿನ ತೇವದ ಗಾಳಿಯಲ್ಲಿ ಅಷ್ಟಾಗಿ ನಡೆಯವು. ಅಮೆರಿಕದ ಮರುಭೂಮಿಯ ಸೀಮೆಯಲ್ಲಿ ಒಂದು ಕಾಲಕ್ಕೆ ಕಾರಿನ ಕಿಟಕಿಗೆ ನೀರಿನ ಕೊಳವೆಯಂಥದೊಂದು ಕೂಲರನ್ನು ನೇತುಹಾಕಿಕೊಂಡು ಓಡಾಡುತ್ತಿದ್ದರು. ಅದೂ ಲಾವಂಚದ ತಟ್ಟಿಯ ದಾಯಾದಿಯೇ.

ಇಲ್ಲಿ ಆರಿದ ನೀರು ಆರಿಯೇ ಹೋಗುತ್ತದೆ, ಮತ್ತೆ ಸುರಿಯುತ್ತಿರಬೇಕು. ಮಂಜುಗಡ್ಡೆಯದೂ ಇದೇ ಪಾಡು. 1833ರಲ್ಲಿ ಬೋಸ್ಟನ್ನಿನಿಂದ ಹಡಗಿನಲ್ಲಿ ಕಲ್ಕತ್ತೆಗೆ ಮಂಜುಗಡ್ಡೆ ಬಂತು. ಮದರಾಸಿನ ಕಡಲ ದಂಡೆಯಲ್ಲಿ 1842ರಲ್ಲಿ ಅದಕ್ಕೆಂದೇ ಕಟ್ಟಿದ ಐಸ್ ಹೌಸ್ ಇಂದಿಗೂ ನಿಂತಿದೆ. ಕರಗಿದಂತೆಲ್ಲ ಹೊಸದು ತರಿಸಬೇಕು, ಹಣ ತೆರಬೇಕು. ಇದಕ್ಕೆ ಪರಿಹಾರ ಕಾಣಿಸಿದವನು ಜೇಕಬ್ ಪರ್ಕಿನ್ಸ್. 1834ರಲ್ಲಿ ಅವನು ಪೇಟೆಂಟು ಪಡೆದ ಯಂತ್ರದಲ್ಲಿ ಆರಿಹೋದ ದ್ರವವನ್ನು ಹೊರಗೆ ಬಿಡದೆ ಹಿಡಿದು, ಒತ್ತಿ, ಅದರ ಶಾಖವನ್ನು ಹೊರಕ್ಕೆ ಕಳೆದು, ಮತ್ತೆ ದ್ರವ ಮಾಡಿ ಅದೇ ಸುತ್ತಿಗೆ ಹಚ್ಚುವುದು. ಇಂದಿನ ಕಾರಿನಲ್ಲಿ ನಡೆಯುವುದೂ ಇಷ್ಟೇ. ಕಂಪ್ರೆಸರ್ ಒತ್ತುತ್ತದೆ, ರೇಡಿಯೇಟರಿನ ಮುಂದಿರುವ ಕಂಡೆನ್ಸರ್ ಶಾಖವನ್ನು ಗಾಳಿಗೆ ಬಿಡುತ್ತದೆ, ಡ್ಯಾಷ್‌ಬೋರ್ಡಿನ ಒಳಗಿನ ಸುರುಳಿಯಲ್ಲಿ ದ್ರವ ಆರಿ ನಮ್ಮ ಸೆಕೆಯನ್ನು ಹೀರುತ್ತದೆ. ಯಂತ್ರ ತಂಪನ್ನು ತಯಾರಿಸುವುದಿಲ್ಲ, ಶಾಖವನ್ನು ಹೊರುತ್ತದೆ.

ಮೊದಲಿಗೆ ಈ ಸುತ್ತಿನಲ್ಲಿ ಹರಿಯುತ್ತಿದ್ದವು ಅಮೋನಿಯ, ಗಂಧಕದ ಡೈಆಕ್ಸೈಡುಗಳಂಥ ವಿಷಗಳು. ಸೋರಿದರೆ ಮೂಗಿಗೇ ತಿಳಿಯುತ್ತಿತ್ತು. 1930ರಲ್ಲಿ ಥಾಮಸ್ ಮಿಜ್ಲಿ ಎಂಬ ಅಮೆರಿಕನ್ ರಸಾಯನಜ್ಞ ವಿಷವೂ ಅಲ್ಲದ, ಉರಿಯೂ ಹತ್ತದ ಫ್ರಿಯಾನನ್ನು ಸಭೆಯ ಮುಂದೆ ತಾನೇ ಉಸಿರಿಗೆಳೆದುಕೊಂಡು, ಊದಿ ಮೇಣದ ಬತ್ತಿ ಆರಿಸಿ ತೋರಿಸಿದ. (ಇಲ್ಲಿಯೂ 'ಆರು' ಬಂತು, ನೋಡಿ!) ಫ್ರಿಯಾನು ಬಂದದ್ದರಿಂದ ಯಂತ್ರವನ್ನು ಜನರ ಪಕ್ಕದಲ್ಲೇ ಇಡಲು ಧೈರ್ಯ ಬಂತು. ಸೋರಿಕೆ ಮಾತ್ರ ಮೂಗಿಗೆ ಸಿಕ್ಕದಂತಾಯಿತು.

1939ರಲ್ಲಿ ಪ್ಯಾಕರ್ಡ್ ಕಂಪೆನಿ ಮುಂದಿನ ವರ್ಷದ ಕಾರಿಗೆ ಹವಾನಿಯಂತ್ರಣವನ್ನು ಜೋಡಿಸಿ ಪ್ರದರ್ಶಿಸಿತು. ಬೆಲೆ 274 ಡಾಲರು; ಡಿಕ್ಕಿಯ ಅರ್ಧ ಜಾಗ ಅದಕ್ಕೇ ಹೋಗುತ್ತಿತ್ತು. ತಂಪು ಸಾಕೆನಿಸಿದರೆ ಕಾರು ನಿಲ್ಲಿಸಿ, ಬಾನೆಟ್ಟು ಎತ್ತಿ, ಕಂಪ್ರೆಸರಿನ ಬೆಲ್ಟನ್ನೇ ಕಳಚಬೇಕು! ಎರಡೇ ವರ್ಷಕ್ಕೆ ಅದು ನಿಂತುಹೋಯಿತು. 1953ರಿಂದ ಈಚೆಗೆ ಕಾರಿನ ತಂಪು ಮತ್ತೆ ತಲೆಯೆತ್ತಿತು. ಬೆಲ್ಟು ಮಾತ್ರ ಉಳಿದುಕೊಂಡಿತು. ನಮ್ಮ ತೊಂದರೆಯ ಬೇರು ಇರುವುದು ಇಲ್ಲಿಯೇ. ಮನೆಯ ರೆಫ್ರಿಜರೇಟರಿನಲ್ಲಿ ಮೋಟಾರೂ ಕಂಪ್ರೆಸರೂ ಬೆಸುಗೆ ಹಾಕಿದ ಒಂದೇ ಡಬ್ಬಿಯಲ್ಲಿರುತ್ತವೆ. ಗ್ಯಾಸು ದಶಕಗಟ್ಟಲೆ ಉಳಿಯುತ್ತದೆ. ಕಾರಿನ ಕಂಪ್ರೆಸರನ್ನು ಎಂಜಿನ್ ತಿರುಗಿಸಬೇಕಾದುದರಿಂದ ಅದರ ದಂಡ ಹೊರಗೆ ಚಾಚಿರಲೇಬೇಕು. ದಂಡ ಹೊರಬರುವಲ್ಲಿ ಒಂದು ಸೀಲು; ಎಂಜಿನ್ ನಡುಗುವುದರಿಂದ ರಬ್ಬರಿನ ಕೊಳವೆಗಳು. ಗ್ಯಾಸು ನುಸುಳುವುದು ಹೆಚ್ಚಾಗಿ ಇಂಥ ಸಂದಿಗಳಲ್ಲಿ. ಅದು ಮುಗಿಯುವುದಿಲ್ಲ, ತಪ್ಪಿಸಿಕೊಳ್ಳುತ್ತದೆ. ತೂತು ಹುಡುಕದೆ ವರ್ಷವರ್ಷವೂ ತುಂಬಿಸುವುದೆಂದರೆ ಪರ್ಕಿನ್ಸನ ಯಂತ್ರವನ್ನು ಬೋಸ್ಟನ್ನಿನ ಮಂಜುಗಡ್ಡೆಯ ವ್ಯಾಪಾರಕ್ಕೆ ಇಳಿಸಿದಂತೆ.

ತಪ್ಪಿಸಿಕೊಂಡದ್ದು ಎಲ್ಲಿಗೆ ಹೋಯಿತೆಂಬುದನ್ನೂ ಕೇಳಬೇಕಷ್ಟೆ. ಫ್ರಿಯಾನು ಮೇಲೇರಿ ಓಜೋನ್ ಪದರವನ್ನು ಕೆಡಿಸುತ್ತದೆಂದು ಮೊಲೀನಾ ಮತ್ತು ರೋಲೆಂಡ್ 1974ರಲ್ಲಿ ಎಚ್ಚರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1992ರಲ್ಲಿ ಭಾರತವೂ ಸೇರಿತು. ಕಾರುಗಳಿಗೆ ಆರ್-134ಎ ಬಂತು. ಓಜೋನಿಗೆ ಅದು ಸಾಧು. ಭೂಮಿಯನ್ನು ಬಿಸಿಮಾಡುವುದರಲ್ಲಿ ಮಾತ್ರ ಒಂದು ಕಿಲೋ ಗ್ಯಾಸು 1,400 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಒಂದು ಕಾರಿನ ಅರ್ಧ ಕಿಲೋ ಸೋರಿದರೆ ಸುಮಾರು 300 ಲೀಟರು ಪೆಟ್ರೋಲು ಸುಟ್ಟಷ್ಟಾಯಿತು.

ಎಲ್ಲ ಸೆಕೆಗೂ ಸೋರಿಕೆಯೇ ಕಾರಣವಲ್ಲ. ಓಡುವಾಗ ತಂಪು, ಹಿರಿಯೂರು ತಾಲ್ಲೂಕಿನ ಗುಯಿಲಾಳು ಟೋಲ್ ಗೇಟಿನಲ್ಲಿ ನಿಂತೊಡನೆ ಸೆಕೆ ಎಂದಾದರೆ ಕಂಡೆನ್ಸರಿನ ಫ್ಯಾನನ್ನು ಸಂಶಯಿಸಬೇಕು. ಹೊಸದುರ್ಗ, ಹೊಳಲ್ಕೆರೆಗಳ ಕಡೆ ಕೆಂಧೂಳಿನ ದಾರಿಯಲ್ಲಿ ಓಡಾಡುವ ಕಾರಿಗೆ ಕಂಡೆನ್ಸರಿನ ರೆಕ್ಕೆಗಳ ನಡುವೆ ಧೂಳು ಮೆತ್ತಿರಬಹುದು; ಬಲವಾಗಿ ಚಿಮ್ಮಿಸದೆ ಮೆಲ್ಲಗೆ ನೀರು ಹಾಯಿಸಿ ತೊಳೆದರೆ ಸಾಕು. ಗಾಳಿಯೇ ಸಣ್ಣಗೆ ಬಂದರೆ ಕ್ಯಾಬಿನ್ ಫಿಲ್ಟರ್ ಕಟ್ಟಿರಬಹುದು. ಗುಂಡಿ ಒತ್ತಿದರೂ ಕಂಪ್ರೆಸರಿನ ಮುಂದಿನ ಕ್ಲಚ್ಚು 'ಟಕ್' ಎಂದು ಹಿಡಿಯದಿದ್ದರೆ ಫ್ಯೂಸು, ರಿಲೇ, ಕ್ಲಚ್ಚುಗಳನ್ನು ನೋಡಿಸಬೇಕು. ಗ್ಯಾಸು ತೀರ ಕಡಮೆಯಾದರೂ ಅದು ಹಿಡಿಯದು. ಕೊಳವೆಯ ಕೀಲಿನಲ್ಲಿ ಎಣ್ಣೆಯ ಜಿಡ್ಡು ಕಂಡರೆ ಸೋರಿಕೆ ಅಲ್ಲಿಯೇ ಇರುವ ಸಂಭವ ಹೆಚ್ಚು, ಏಕೆಂದರೆ ಗ್ಯಾಸಿನೊಡನೆ ಕಂಪ್ರೆಸರಿನ ಎಣ್ಣೆಯೂ ಹೊರಬರುತ್ತದೆ. ಮೊದಲು ಅದನ್ನು ಸರಿಪಡಿಸಬೇಕು. ಆಮೇಲೆ ಕೊಳವೆಗಳಲ್ಲಿನ ಗಾಳಿಯನ್ನೂ ತೇವವನ್ನೂ ಪಂಪಿನಿಂದ ಎಳೆದು, ಬಾನೆಟ್ಟಿನಡಿಯ ಚೀಟಿಯಲ್ಲಿರುವ ಜಾತಿಯ ಗ್ಯಾಸನ್ನೇ, ಅಲ್ಲಿ ಬರೆದಷ್ಟೇ ಗ್ರಾಮು ತೂಗಿ ತುಂಬಿಸಬೇಕು. ಹೆಚ್ಚಾದರೂ ತಂಪಾಗದು.