ಪಂದ್ಯ ನುಂಗಿದ ಪುಟ

1914ರ ಜೂನ್ 28, ಭಾನುವಾರ. ಇನ್ನೂ ಬೆಳಕು ಹರಿದಿರಲಿಲ್ಲ. ಪ್ಯಾರಿಸ್ ಹೊರವಲಯದಿಂದ ‘ಟೂರ್ ಡಿ ಫ್ರಾನ್ಸ್’ ಸೈಕಲ್ ಪಂದ್ಯ ಹೊರಟಿತು. ಮೊದಲ ದಿನದ ಗುರಿ ಕಡಲ ದಂಡೆಯ ಲ ಹಾವ್ರ್ ಬಂದರು, ದೂರ 388 ಕಿಲೋಮೀಟರ್. ಸವಾರರು ದೂಳು ತುಂಬಿದ ರಸ್ತೆಯಲ್ಲಿ ಪೆಡಲ್ ತುಳಿಯುತ್ತಿದ್ದ ಹೊತ್ತಿಗೇ ಅತ್ತ ಸರಯೇವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನೆಂಡ್ ಮತ್ತು ಅವನ ಪತ್ನಿ ಸೋಫಿ ಗುಂಡಿಗೆ ಬಲಿಯಾದರು. ಪಂದ್ಯ ನಿಲ್ಲಲಿಲ್ಲ, ನಿಲ್ಲಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ. ಜುಲೈ 23ರಂದು ಆಸ್ಟ್ರಿಯಾ ಸರ್ಬಿಯಾಕ್ಕೆ ಅಂತಿಮ ಎಚ್ಚರಿಕೆ ಕೊಟ್ಟಾಗಲೂ ಪಂದ್ಯ ಇನ್ನೂ ನಡೆಯುತ್ತಲೇ ಇತ್ತು. ಜುಲೈ 26ರಂದು ಪ್ಯಾರಿಸ್‌ನಲ್ಲಿ ಪಂದ್ಯ ಮುಗಿದು ಬೆಲ್ಜಿಯಂನ ಫಿಲಿಪ್ ಥೀಸ್ ಗೆದ್ದ. ಎರಡು ದಿನ ಕಳೆಯುವಷ್ಟರಲ್ಲಿ ಯುದ್ಧ ಘೋಷಣೆಯಾಯಿತು. ಆಗಸ್ಟ್ 4ಕ್ಕೆ ಜರ್ಮನಿಯ ಸೇನೆ ಥೀಸ್‌ನ ನಾಡಿನೊಳಕ್ಕೆ ನುಗ್ಗಿತು. ಹಿಂದಿನ ವರ್ಷಗಳಲ್ಲಿ ಇದೇ ಪಂದ್ಯ ಗೆದ್ದಿದ್ದ ಮೂವರು, ಫ್ರಾಂಸ್ವಾ ಫಾಬೆರ್, ಒಕ್ತಾವ್ ಲಾಪೀಜ್ ಮತ್ತು ಲೂಸಿಯಾನ್ ಪೆಟಿ-ಬ್ರೆಟನ್, ಆ ಯುದ್ಧಕಾಲದ ಸೇವೆಯಲ್ಲಿದ್ದಾಗಲೇ ಸತ್ತರು.

ಈ ಕಾಕತಾಳೀಯವನ್ನು ಹಿಡಿದುಕೊಂಡು, ಸೈಕಲ್ ಪಂದ್ಯವೇ ಫ್ರೆಂಚರ ಕಣ್ಣು ಕಟ್ಟಿತು ಎಂದುಬಿಡುವುದು ಸುಲಭ. ಅದು ಪೂರ್ತಿ ನಿಜವಲ್ಲ. ಆ ಜುಲೈನಲ್ಲಿ ಫ್ರಾನ್ಸಿನ ಪತ್ರಿಕೆಗಳನ್ನು ಎಲ್ಲಕ್ಕಿಂತ ಹೆಚ್ಚಾಗಿ ಆಕ್ರಮಿಸಿದ್ದು ಒಂದು ಕೊಲೆ ಮೊಕದ್ದಮೆ. ಮಾಜಿ ಪ್ರಧಾನಿ ಜೋಸೆಫ್ ಕಾಯೋನ ಪತ್ನಿ ಹೆನ್ರಿಯೆಟ್, ಗಂಡನ ವಿರುದ್ಧ ಬರೆಯುತ್ತಿದ್ದ ‘ಲ ಫಿಗಾರೊ’ ಪತ್ರಿಕೆಯ ಸಂಪಾದಕ ಗಾಸ್ತೋನ್ ಕಾಲ್ಮೆಟ್‌ನನ್ನು ಅವನ ಕಚೇರಿಯಲ್ಲೇ ಗುಂಡಿಟ್ಟು ಕೊಂದಿದ್ದಳು. ವಿಚಾರಣೆ ನಡೆದದ್ದು ಜುಲೈ 20ರಿಂದ 28ರವರೆಗೆ. ಅವಳು ಖುಲಾಸೆಯಾದ ದಿನವೇ ಆಸ್ಟ್ರಿಯಾ ಯುದ್ಧ ಸಾರಿತು. ಆದರೆ ಆ ಮೊಕದ್ದಮೆಗೂ ಆ ಪಂದ್ಯಕ್ಕೂ ಇರುವ ಹೋಲಿಕೆಯನ್ನು ಗಮನಿಸಬೇಕು. ಎರಡಕ್ಕೂ ಗೊತ್ತಾದ ಆರಂಭವಿತ್ತು, ಗೊತ್ತಾದ ಮುಕ್ತಾಯವಿತ್ತು, ದಿನಕ್ಕೊಂದು ತಿರುವಿತ್ತು, ಕೊನೆಗೆ ಗೆದ್ದವರು ಸೋತವರು ಇದ್ದರು. ರಾಯಭಾರಿಗಳ ನಡುವೆ ಓಡಾಡುತ್ತಿದ್ದ ಪತ್ರಗಳಿಗೆ ಇವು ಯಾವುವೂ ಇರಲಿಲ್ಲ. ಯುದ್ಧ ಶುರುವಾದ ಮೇಲೆ ಅದನ್ನು ಯಾವ ಪತ್ರಿಕೆಯೂ ಒಳಪುಟಕ್ಕೆ ತಳ್ಳಲಾರದು. ಒಳಪುಟಕ್ಕೆ ಸರಿಯುವುದು, ಅಲ್ಲಿಂದಲೂ ಜಾರಿಬೀಳುವುದು, ಯುದ್ಧ ಇನ್ನೂ ಮೊಳಕೆಯೊಡೆಯುತ್ತಿರುವಾಗಿನ ಸುದ್ದಿ. ಕ್ರೀಡಾ ವರದಿಗಾರಿಕೆಯ ನೂರಿಪ್ಪತ್ತು ವರ್ಷಗಳ ಚರಿತ್ರೆಯನ್ನು ಹೀಗೆ ನೋಡಿದರೆ, ಅದರಿಂದ ನಮಗೆ ಆದ ನಷ್ಟದ ಸ್ವರೂಪ ತಿಳಿಯುತ್ತದೆ. ದೊಡ್ಡ ಪಂದ್ಯಗಳು ದೊಡ್ಡ ಸುದ್ದಿಗಳನ್ನು ಕೊಲ್ಲುವುದಿಲ್ಲ; ಮುಂದೆ ದೊಡ್ಡದಾಗಲಿರುವ ಸಣ್ಣ ಸುದ್ದಿಗಳನ್ನು ಕೊಲ್ಲುತ್ತವೆ.

ಇದಕ್ಕೆ ಓದುಗನ ಕ್ರೀಡಾಪ್ರೇಮವೊಂದೇ ಕಾರಣ ಎನ್ನುವವರು ಟೂರ್ ಡಿ ಫ್ರಾನ್ಸ್ ಹುಟ್ಟಿದ ಬಗೆಯನ್ನು ನೋಡಬೇಕು. ಅದನ್ನು ಹುಟ್ಟುಹಾಕಿದ್ದು ಕ್ರೀಡಾ ಸಂಸ್ಥೆಯಲ್ಲ, ಪತ್ರಿಕೆ. ದೇಶದ್ರೋಹದ ಸುಳ್ಳು ಆರೋಪಕ್ಕೆ ಗುರಿಯಾದ ಸೇನಾಧಿಕಾರಿ ಡ್ರೈಫಸ್‌ನ ಪ್ರಕರಣ ಫ್ರಾನ್ಸನ್ನು ಇಬ್ಭಾಗ ಮಾಡಿದ್ದ ಕಾಲದಲ್ಲಿ ‘ಲ ವೇಲೊ’ ಎಂಬ ಕ್ರೀಡಾ ಪತ್ರಿಕೆಯ ಸಂಪಾದಕ ಪಿಯೆರ್ ಗಿಫಾರ್ ಡ್ರೈಫಸ್ ಪರ ನಿಂತ. ಅದಕ್ಕೆ ಸಿಟ್ಟಾದ ಜಾಹೀರಾತುದಾರರು 1900ರಲ್ಲಿ ಪ್ರತಿಸ್ಪರ್ಧಿ ಪತ್ರಿಕೆಯೊಂದನ್ನು ಕಟ್ಟಿದರು. ಅದೇ ಮುಂದೆ ‘ಲೋಟೊ’ ಎಂಬ ಹೆಸರು ಪಡೆಯಿತು. ಪ್ರಸಾರ ಏರದೆ ಒದ್ದಾಡುತ್ತಿದ್ದ ಆ ಪತ್ರಿಕೆಯನ್ನು ಬದುಕಿಸಲು ಅದರ ಸಂಪಾದಕ ಹೆನ್ರಿ ದೆಗ್ರಾಂಜ್ 1903ರಲ್ಲಿ ಇಡೀ ದೇಶ ಸುತ್ತುವ ಪಂದ್ಯ ನಡೆಸಿದ. ಇಪ್ಪತ್ತೈದು ಸಾವಿರದ ಆಸುಪಾಸಿನಲ್ಲಿದ್ದ ಪ್ರಸಾರ ಅರವತ್ತೈದು ಸಾವಿರಕ್ಕೆ ಏರಿತೆಂಬ ಲೆಕ್ಕವಿದೆ. ಮರುವರ್ಷ ‘ಲ ವೇಲೊ’ ಬಾಗಿಲು ಹಾಕಿತು. ಪಂದ್ಯದ ಮುಂದಾಳು ತೊಡುವ ಹಳದಿ ಜೆರ್ಸಿಯ ಬಣ್ಣವೂ ಲೋಟೊ ಅಚ್ಚಾಗುತ್ತಿದ್ದ ಹಳದಿ ಕಾಗದದ್ದೇ. 1913ರಲ್ಲಿ ಪಿರನೀಸ್ ಬೆಟ್ಟದಲ್ಲಿ ಯೂಜೀನ್ ಕ್ರಿಸ್ತೋಫ್‌ನ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಅವನು ಸೈಕಲ್ಲನ್ನು ಹೊತ್ತು ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ನಡೆದ, ಸೇಂಟ್ ಮರಿ ದ ಕಾಂಪಾನ್ ಎಂಬ ಹಳ್ಳಿಯ ಕಮ್ಮಾರನ ಕುಲುಮೆ ಸೇರಿದ, ಫೋರ್ಕನ್ನು ತಾನೇ ಕಾಯಿಸಿ ಬಡಿದು ಕೂಡಿಸಿದ. ಪರರ ನೆರವು ಪಡೆಯಬಾರದೆಂಬ ನಿಯಮವಿತ್ತು. ತಿದಿಯೊತ್ತಲು ಒಬ್ಬ ಹುಡುಗ ಕೈಹಚ್ಚಿದನೆಂದು ಕ್ರಿಸ್ತೋಫ್‌ಗೆ ದಂಡ ಬಿತ್ತು. ಆ ನಿಯಮ ಬರೆದದ್ದು, ದಂಡ ಹಾಕಿದ್ದು, ಆ ಕತೆಯನ್ನು ಮನೆಮನೆಗೆ ಮುಟ್ಟಿಸಿ ದಂತಕಥೆ ಮಾಡಿದ್ದು ಎಲ್ಲ ಒಂದೇ ಪತ್ರಿಕೆಯ ಬಳಗ. ಇಟಲಿಯ ‘ಗಜೆಟ್ಟಾ ದೆಲ್ಲೊ ಸ್ಪೋರ್ಟ್’ 1909ರಲ್ಲಿ ಇದೇ ದಾರಿ ಹಿಡಿದು ‘ಜಿರೊ’ ಪಂದ್ಯ ಆರಂಭಿಸಿತು. ನಡೆದದ್ದನ್ನು ವರದಿ ಮಾಡುತ್ತಿದ್ದ ಪತ್ರಿಕೆ, ವರದಿ ಮಾಡಲೆಂದೇ ಘಟನೆಯನ್ನು ನಡೆಸಲು ಕಲಿತದ್ದು ಹೀಗೆ.

ಮುಂದೆ ಪತ್ರಿಕೆಯ ಜಾಗಕ್ಕೆ ಟಿ.ವಿ ಬಂತು, ನಂಟು ಇನ್ನಷ್ಟು ಬಿಗಿಯಾಯಿತು. ಆಸ್ಟ್ರೇಲಿಯಾದಲ್ಲಿ ಕೆರ‍್ರಿ ಪ್ಯಾಕರ್ ತನ್ನ ವಾಹಿನಿಗೆ ಟೆಸ್ಟ್ ಪಂದ್ಯಗಳ ಹಕ್ಕು ಸಿಗದಿದ್ದಾಗ 1977ರಲ್ಲಿ ತನ್ನದೇ ಕ್ರಿಕೆಟ್ ಸರಣಿ ಕಟ್ಟಿದ. ನಮ್ಮಲ್ಲಿ 1993ರ ಹೀರೊ ಕಪ್ ಪ್ರಸಾರದ ಹಕ್ಕಿನ ಬಗ್ಗೆ ದೂರದರ್ಶನಕ್ಕೂ ಬಂಗಾಳ ಕ್ರಿಕೆಟ್ ಸಂಸ್ಥೆಗೂ ಜಗಳ ಹತ್ತಿ, ಅದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತು, ಅವು ಸರ್ಕಾರದ ಏಕಸ್ವಾಮ್ಯವಲ್ಲ ಎಂದು ಕೋರ್ಟ್ 1995ರ ಫೆಬ್ರುವರಿಯಲ್ಲಿ ಹೇಳಿತು. ಖಾಸಗಿ ಪ್ರಸಾರಕ್ಕೆ ಕಾನೂನಿನ ಬಲ ತಂದ ಈ ತೀರ್ಪಿನ ಮೂಲದಲ್ಲಿರುವುದು ಒಂದು ಕ್ರಿಕೆಟ್ ಟೂರ್ನಿ. ಈಗಂತೂ ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರ ಹಕ್ಕು ₹48,390 ಕೋಟಿಗೆ ಮಾರಾಟವಾಗಿದೆ. 1930ರ ಮೊದಲ ಫುಟ್‌ಬಾಲ್ ವಿಶ್ವಕಪ್‌ನಲ್ಲಿ 13 ತಂಡ, 18 ಪಂದ್ಯ. 2026ರ ವಿಶ್ವಕಪ್‌ಗೆ ನಿಗದಿಯಾದದ್ದು 48 ತಂಡ, 104 ಪಂದ್ಯ. ಇಷ್ಟು ಹಣ ಸುರಿದವರು ಜನರ ಗಮನವನ್ನು ತಿಂಗಳುಗಟ್ಟಲೆ ಮೊದಲೇ ಜಾಹೀರಾತುದಾರರಿಗೆ ಮಾರಿರುತ್ತಾರೆ. ಭೂಕಂಪಕ್ಕೆ, ದಂಗೆಗೆ, ಗಡಿಯಲ್ಲಿನ ಚಕಮಕಿಗೆ ವೇಳಾಪಟ್ಟಿ ಇರುವುದಿಲ್ಲ. ಎರಡೂ ಒಂದೇ ದಿನ ಎದುರಾದರೆ, ಮುಂಗಡ ಮಾರಾಟವಾದದ್ದೇ ಗೆಲ್ಲುತ್ತದೆ.

ಇದರಿಂದ ಜೀವಹಾನಿಯಾಗುತ್ತದೆಯೇ ಎಂದು ಕೇಳಬಹುದು. ಸ್ಟಾಕ್‌ಹೋಮ್‌ನ ಅರ್ಥಶಾಸ್ತ್ರಜ್ಞರಾದ ಥಾಮಸ್ ಐಸೆನ್ಸೀ ಮತ್ತು ಡೇವಿಡ್ ಸ್ಟ್ರೋಂಬರ್ಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. 1968ರಿಂದ 2002ರವರೆಗೆ ಜಗತ್ತಿನಲ್ಲಿ ಸಂಭವಿಸಿದ ಸುಮಾರು ಐದು ಸಾವಿರ ನೈಸರ್ಗಿಕ ವಿಕೋಪಗಳಿಗೆ ಅಮೆರಿಕ ಕೊಟ್ಟ ನೆರವನ್ನು, ಅಲ್ಲಿನ ಟಿ.ವಿ ಸುದ್ದಿಯ ಜೊತೆಗಿಟ್ಟು ಅವರು ತೂಗಿ ನೋಡಿದರು. ಒಲಿಂಪಿಕ್ಸ್ ನಡೆಯುವಾಗ ಸಂಭವಿಸಿದ ವಿಕೋಪಕ್ಕೆ, ಸಾಮಾನ್ಯ ದಿನದಲ್ಲಾದ ವಿಕೋಪದಷ್ಟೇ ನೆರವಿನ ಸಾಧ್ಯತೆ ಇರಬೇಕಾದರೆ ಸತ್ತವರ ಸಂಖ್ಯೆ ಮೂರು ಪಟ್ಟು ಇರಬೇಕು ಎಂಬುದು ಅವರಿಗೆ ಕಂಡ ಲೆಕ್ಕ. ಈ ಗುಟ್ಟು ಆಳುವವರಿಗೂ ತಿಳಿದಿದೆ ಎಂದು ಶಂಕಿಸಲು ಕಾರಣಗಳಿವೆ. 1994ರ ಜುಲೈ 13ರಂದು ಇಟಲಿ ಬಲ್ಗೇರಿಯಾವನ್ನು ಸೋಲಿಸಿ ವಿಶ್ವಕಪ್ ಫೈನಲ್ ತಲುಪಿತು. ಭ್ರಷ್ಟಾಚಾರದ ಆರೋಪಿಗಳನ್ನು ವಿಚಾರಣೆಗೆ ಮುನ್ನ ಸೆರೆಯಲ್ಲಿಡುವುದನ್ನು ತಡೆಯುವ ಸುಗ್ರೀವಾಜ್ಞೆಯನ್ನು ಬೆರ್ಲುಸ್ಕೋನಿ ಸರ್ಕಾರ ಹೊರಡಿಸಿದ್ದು ಅದೇ ದಿನ. 2018ರ ಜೂನ್ 14ರಂದು ಮಾಸ್ಕೊದಲ್ಲಿ ವಿಶ್ವಕಪ್ ಆರಂಭವಾಗಿ ರಷ್ಯಾ 5–0ರಿಂದ ಸೌದಿ ಅರೇಬಿಯಾವನ್ನು ಮಣಿಸಿತು. ಪಿಂಚಣಿಯ ವಯಸ್ಸನ್ನು ಏರಿಸುವ ಪ್ರಸ್ತಾವವನ್ನು ಅಲ್ಲಿನ ಸರ್ಕಾರ ಪ್ರಕಟಿಸಿದ್ದೂ ಅಂದೇ. ಇಟಲಿಯ ಜನ ರೇಗಿದ್ದರಿಂದ ಆ ಸುಗ್ರೀವಾಜ್ಞೆ ಕೆಲವೇ ದಿನಗಳಲ್ಲಿ ವಾಪಸಾಯಿತು ನಿಜ. ಎಲ್ಲ ಕಡೆ, ಎಲ್ಲ ಸಲವೂ ಹಾಗಾಗುತ್ತದೆಂದು ನಂಬಿ ಕೂರಲಾಗದು.

ನಮ್ಮದೇ ಉದಾಹರಣೆಗೆ 2003ರ ಕ್ರಿಕೆಟ್ ವಿಶ್ವಕಪ್ ಸಾಕು. ಫೆಬ್ರುವರಿ 9ರಿಂದ ಮಾರ್ಚ್ 23ರವರೆಗೆ ನಡೆದ ಆ ಟೂರ್ನಿಯಲ್ಲಿ ಕನ್ನಡಿಗರ ಆಸಕ್ತಿಗೆ ಹೆಚ್ಚಿನ ಕಾರಣವಿತ್ತು. ರಾಹುಲ್ ದ್ರಾವಿಡ್ ವಿಕೆಟ್ ಕಾಯುತ್ತಿದ್ದರು, ಜಾವಗಲ್ ಶ್ರೀನಾಥ್ ಕೊನೆಯ ಬಾರಿಗೆ ಭಾರತದ ಪರ ಚೆಂಡೆಸೆಯುತ್ತಿದ್ದರು. ಭಾರತ ಸೆಮಿಫೈನಲ್‌ನಲ್ಲಿ ಕೆನ್ಯಾವನ್ನು ಎದುರಿಸಿದ ಮಾರ್ಚ್ 20ರಂದೇ ಇರಾಕ್ ಮೇಲೆ ಅಮೆರಿಕದ ದಾಳಿ ಆರಂಭವಾಯಿತು. ಆಸ್ಟ್ರೇಲಿಯಾ ಎದುರು 125 ರನ್‌ಗಳಿಂದ ಫೈನಲ್ ಸೋತ ಮಾರ್ಚ್ 23ರ ರಾತ್ರಿ ಕಾಶ್ಮೀರದ ನಾದಿಮರ್ಗ್ ಗ್ರಾಮದಲ್ಲಿ ಹೆಂಗಸರು ಮಕ್ಕಳೂ ಸೇರಿ 24 ಮಂದಿ ಪಂಡಿತರನ್ನು ಬಂದೂಕುಧಾರಿಗಳು ಕೊಂದರು. ಇವೆರಡೂ ಪತ್ರಿಕೆಗಳಲ್ಲಿ ಮುಚ್ಚಿಹೋಗಲಿಲ್ಲ. ಮುಚ್ಚಿಹೋಗದಷ್ಟು ದೊಡ್ಡವು ಅವು. ಆದರೆ ಅದೇ ಫೆಬ್ರುವರಿಯಲ್ಲಿ ಸುಡಾನಿನ ಡಾರ್ಫರ್‌ನಲ್ಲಿ ಬಂಡಾಯ ಭುಗಿಲೆದ್ದು, ಹಳ್ಳಿಗಳನ್ನು ಸುಡುವ ಕೃತ್ಯಕ್ಕೆ ನಾಂದಿಯಾಗಿತ್ತು. ಸುಡಾನಿನಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿಯಾಗಿದ್ದ ಭಾರತ ಮೂಲದ ಮುಕೇಶ್ ಕಪಿಲಾ 2004ರ ಮಾರ್ಚ್‌ನಲ್ಲಿ ಬಹಿರಂಗವಾಗಿ ಕೂಗಿ ಹೇಳುವವರೆಗೆ ಜಗತ್ತು ಅತ್ತ ಸರಿಯಾಗಿ ತಿರುಗಿ ನೋಡಲಿಲ್ಲ. ಅಲ್ಲಿ ಮೂರು ಲಕ್ಷದಷ್ಟು ಜನ ಸತ್ತಿರಬಹುದೆಂದು ವಿಶ್ವಸಂಸ್ಥೆ ಆಮೇಲೆ ಅಂದಾಜು ಮಾಡಿತು. ಆ ನಿರ್ಲಕ್ಷ್ಯಕ್ಕೆ ಕ್ರಿಕೆಟ್ಟನ್ನು ಹೊಣೆ ಮಾಡುವುದು ಅನ್ಯಾಯ. ಇರಾಕ್ ಇತ್ತು, ಆಫ್ರಿಕಾ ಎಂದರೆ ಮೊದಲಿನಿಂದಲೂ ಇರುವ ಉದಾಸೀನವಿತ್ತು. ಆದರೆ ಮಹಾಯುದ್ಧವೊಂದು ಮತ್ತು ಮಹಾಪಂದ್ಯವೊಂದು ಜಾಗ ಹಂಚಿಕೊಂಡ ಮೇಲೆ ಮೂರನೆಯದಕ್ಕೆ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಜನ ಬಯಸಿದ್ದನ್ನು ಕೊಡುವುದು ತಪ್ಪೇ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ದಿನವಿಡೀ ದುಡಿದು ಬಂದವರಿಗೆ ಪಂದ್ಯ ಕೊಡುವ ಸಂತೋಷ ದೊಡ್ಡದು, ಅದನ್ನು ಕೀಳೆಂದು ಬಗೆಯುವ ಬುದ್ಧಿವಂತಿಕೆ ಯಾರಿಗೂ ಬೇಡ. ಆದರೆ ಜನ ಬಯಸುವುದು ಪಂದ್ಯವನ್ನು. ಆಟಗಾರ ತಂಗಿದ ಹೋಟೆಲಿನ ಬಾಗಿಲು, ಅವನ ಕೇಶವಿನ್ಯಾಸ, ಗೆಲುವಿಗಾಗಿ ನಡೆಸಿದ ಹೋಮ, ಮಳೆ ಬರುತ್ತದೋ ಇಲ್ಲವೋ ಎಂಬ ಮೂರು ತಾಸಿನ ಚರ್ಚೆ ಇವನ್ನು ಯಾರೂ ಬೇಡಿದ್ದಿಲ್ಲ. ಕಡಿಮೆ ಖರ್ಚಿನಲ್ಲಿ ಹೊತ್ತು ತುಂಬುತ್ತವೆಂದು ಅವು ಬರುತ್ತವೆ. ಸುದ್ದಿಯ ಜಾಗವನ್ನು ತಿನ್ನುವುದು ಪಂದ್ಯಕ್ಕಿಂತ ಹೆಚ್ಚಾಗಿ ಪಂದ್ಯದ ಸುತ್ತಲಿನ ಈ ಮಾತು. ಕನ್ನಡ ಪತ್ರಿಕೆಗಳ ಕ್ರೀಡಾ ಪುಟ ಒಳ್ಳೆಯ ವ್ಯವಸ್ಥೆ. ಆಟಕ್ಕೆ ಸಲ್ಲಬೇಕಾದ ಗೌರವ ಕೊಟ್ಟು ಉಳಿದ ಪುಟಗಳನ್ನು ಅದು ಕಾಯುತ್ತದೆ. ಬೇಲಿ ಮುರಿದು ಅದು ಮುಖಪುಟ, ಸಂಪಾದಕೀಯ, ವಿದೇಶ ಪುಟಗಳಿಗೆ ಹಬ್ಬುವಾಗಷ್ಟೇ ನನ್ನ ತಕರಾರು.

ಇನ್ನೊಂದು ವಾದ ಇದಕ್ಕಿಂತ ಗಟ್ಟಿಯಾದದ್ದು: ಕ್ರೀಡೆಯೇ ಜಗತ್ತಿನ ಕಣ್ಣನ್ನು ಕತ್ತಲೆಯ ಜಾಗಗಳಿಗೆ ತಿರುಗಿಸುತ್ತದೆ ಎಂಬುದು. 1978ರ ಜೂನ್ 1ರಂದು ಬ್ಯೂನಸ್ ಐರಿಸ್‌ನಲ್ಲಿ ವಿಶ್ವಕಪ್ ಉದ್ಘಾಟನೆಯಾದಾಗ ಡಚ್ ಟಿ.ವಿ ವರದಿಗಾರರು ಕ್ರೀಡಾಂಗಣ ಬಿಟ್ಟು ಪ್ಲಾಜಾ ದ ಮಾಯೊ ಚೌಕಕ್ಕೆ ಹೋದರು. ಸೇನಾಡಳಿತ ಹೊತ್ತೊಯ್ದ ತಮ್ಮ ಮಕ್ಕಳಿಗಾಗಿ ಅಳುತ್ತಿದ್ದ ತಾಯಂದಿರ ಮಾತು ಹೊರಜಗತ್ತಿಗೆ ಕೇಳಿತು. ಅದು ಪತ್ರಿಕೋದ್ಯಮದ ಹೆಮ್ಮೆಯ ದಿನ. ಆದರೆ ಆ ಕೆಲಸ ಆದದ್ದು ಅವರು ಪಂದ್ಯಕ್ಕೆ ಬೆನ್ನು ಹಾಕಿದ್ದರಿಂದ. ಫೈನಲ್ ನಡೆದ ಕ್ರೀಡಾಂಗಣಕ್ಕೆ ಸಮೀಪದಲ್ಲೇ ಇದ್ದ ನೌಕಾಪಡೆಯ ಶಾಲೆ ಚಿತ್ರಹಿಂಸೆಯ ಸೆರೆಮನೆಯಾಗಿತ್ತು. ಜೂನ್ 25ರಂದು ಅರ್ಜೆಂಟೀನಾ ಕಪ್ ಗೆದ್ದ ಮೇಲೆ ವರದಿಗಾರರು ಊರಿಗೆ ಮರಳಿದರು, ಸೇನಾಡಳಿತ 1983ರವರೆಗೆ ಉಳಿಯಿತು. ಇನ್ನು, ಎಲ್ಲ ಸುದ್ದಿಯೂ ಮೊಬೈಲಿನಲ್ಲಿ ಸಿಗುವಾಗ ಪುಟದ ಚಿಂತೆ ಯಾಕೆ ಎನ್ನುವವರಿಗೆ ಉತ್ತರ ಚಿಕ್ಕದು. ಹೆಸರೇ ಕೇಳದ ಊರನ್ನು ಯಾರೂ ಹುಡುಕುವುದಿಲ್ಲ. ನಾವು ಕೇಳದಿದ್ದುದನ್ನೂ ನಮ್ಮ ಮುಂದಿಡುವುದೇ ಸಂಪಾದಕನ ಕೆಲಸ.

ವಿದೇಶ ಸುದ್ದಿ ಎಂದರೆ ಪಂಡಿತರ ಖಯಾಲಿ ಎಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಅಲ್ಲಿಂದ ಸುಮಾರು 1,70,000 ಭಾರತೀಯರನ್ನು ಕರೆತರಬೇಕಾಯಿತು. ಮಗನನ್ನೋ ಗಂಡನನ್ನೋ ಕೊಲ್ಲಿಗೆ ಕಳಿಸಿದ ಕರಾವಳಿಯ ಮನೆಗಳಿಗೆ ಅದು ಮನೆಯ ಸುದ್ದಿಯಾಗಿತ್ತು. ಇವತ್ತಿಗೂ ಆ ಮನೆಗಳು ಹಾಗೇ ಇವೆ, ಸಂಖ್ಯೆ ಇನ್ನೂ ಬೆಳೆದಿದೆ. ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕೆಂದು 2007ರಲ್ಲಿ ಸಂಸತ್ತು ಕಾನೂನು ಮಾಡಿದೆ, ಬಡವರಿಗೂ ಕ್ರಿಕೆಟ್ ತಪ್ಪಬಾರದೆಂಬ ಆಶಯ ಅದರಲ್ಲಿದೆ. ಜಗತ್ತಿನ ಆಗುಹೋಗು ತಪ್ಪಬಾರದೆಂದು ಅಂಥ ಕಾನೂನು ಮಾಡಲಾಗದು, ಮಾಡಬೇಕಾಗಿಯೂ ಇಲ್ಲ; ಸರ್ಕಾರ ಸುದ್ದಿ ಆರಿಸುವುದು ಇದಕ್ಕಿಂತ ಕೆಟ್ಟದ್ದು. ಜಗತ್ತಿನ ಸುದ್ದಿಗೆ ಜಾಗ ಕೊಡುವುದು ಸಂಪಾದಕರೂ ಓದುಗರೂ ಸೇರಿ ಉಳಿಸಿಕೊಳ್ಳಬೇಕಾದ ಪದ್ಧತಿ. ಟೂರ್ನಿಯ ತಿಂಗಳಲ್ಲಿ ಕ್ರೀಡೆಗೆ ಬೇಕಾದರೆ ಎರಡು ಪುಟ ಹೆಚ್ಚಿಸಲಿ, ವಿದೇಶ ಪುಟವನ್ನು ಮಾತ್ರ ಕತ್ತರಿಸದಿರಲಿ. ಕತ್ತರಿಸಿದ ದಿನ, ಓದುಗರೇ, ದಯವಿಟ್ಟು ಪತ್ರಿಕೆಗೆ ಒಂದು ಕಾಗದ ಬರೆಯಿರಿ.