ಧಾತು-ಈಶ್ವರ ಸಂವತ್ಸರಗಳ ಕ್ಷಾಮ ಮತ್ತು ವಸ್ತುಸಂಗ್ರಹಾಲಯದ ಸಾಕ್ಷ್ಯ

ಶಾಲಿವಾಹನ ಶಕ 1798ನೆಯ ಧಾತು ಸಂವತ್ಸರದಲ್ಲಿ ಮಳೆ ಹೋಯಿತು. ಮರುವರ್ಷದ ಈಶ್ವರ ಸಂವತ್ಸರದಲ್ಲಿ ಜನ ಹೋದರು. ಆದುದರಿಂದಲೇ ಕ್ರಿ. ಶ. 1876ರಿಂದ 1878ರವರೆಗಿನ ಆ ಮಹಾಕ್ಷಾಮವನ್ನು ನಮ್ಮ ಹಿರಿಯರು ಸಂವತ್ಸರಗಳ ಹೆಸರಿನಿಂದಲೇ ನೆನೆಯುತ್ತಿದ್ದರು. ಮೈಸೂರು ಸಂಸ್ಥಾನ, ಮದರಾಸು ಆಧಿಪತ್ಯಕ್ಕೆ ಸೇರಿದ್ದ ಬಳ್ಳಾರಿ, ಮುಂಬಯಿ ಆಧಿಪತ್ಯದ ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳು ಎಲ್ಲವೂ ಅದಕ್ಕೆ ತುತ್ತಾದವು. ಆಳುವವರ ಗಡಿಗಳಿಂದ ಹರಿದು ಹಂಚಿಹೋಗಿದ್ದ ಕನ್ನಡ ನಾಡನ್ನು ಅಂದು ಒಂದುಗೂಡಿಸಿದ್ದು ಹಸಿವು ಎಂದರೆ ಮಾತು ಕಟುವಾದೀತು, ಸುಳ್ಳಾಗದು.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷಗಳ ತರುವಾಯ, 1881ರಲ್ಲಿ, ಅದು 41,86,188. ಹೆಚ್ಚಬೇಕಾಗಿದ್ದ ಲೆಕ್ಕದಲ್ಲಿ 8,69,224 ಮಂದಿ ಕಡಿಮೆಯಾದರು. ಇವರಲ್ಲಿ ಊರು ಬಿಟ್ಟು ಹೋದವರೂ ಇರಬಹುದು. ಹುಟ್ಟಬೇಕಾಗಿದ್ದು ಹುಟ್ಟದೆಹೋದ ಮಕ್ಕಳಂತೂ ಯಾವ ಲೆಕ್ಕಕ್ಕೂ ಸೇರಿಲ್ಲ. ಇಷ್ಟು ದೊಡ್ಡ ಆಪತ್ತನ್ನು ಮುಂದಿನ ತಲೆಮಾರಿನ ಕಣ್ಣಿಗೆ ಕಾಣುವಂತೆ ಒಂದು ವಸ್ತುಸಂಗ್ರಹಾಲಯದ ಕೋಣೆಯಲ್ಲಿ ನಿಲ್ಲಿಸಬೇಕಾದರೆ ಯಾವ ವಸ್ತುಗಳನ್ನು ಆರಿಸಬೇಕು ಎಂಬುದೇ ಪ್ರಸ್ತುತ ಲೇಖನದ ವಿಷಯ. ಇದು ಮೇಲುನೋಟಕ್ಕೆ ಕಾಣುವಷ್ಟು ಸುಲಭದ ಪ್ರಶ್ನೆಯಲ್ಲ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಸ್ಥಾಪಿತವಾಯಿತು. ಕಸ್ತೂರಬಾ ರಸ್ತೆಯಲ್ಲಿರುವ ಅದರ ಕೆಂಪು ಕಟ್ಟಡ ಎದ್ದದ್ದು 1877ರಲ್ಲಿ, ಅಂದರೆ ಇದೇ ಕ್ಷಾಮದ ನಡುವೆ. ಆ ಸಂಗ್ರಹಕ್ಕೆ ಸೇರಿದ ಶಾಸನಗಳಲ್ಲಿ ಮದ್ದೂರು ಸೀಮೆಯ ಆತಕೂರಿನ ಕಲ್ಲು ಹೆಸರಾದುದು. ಸಾಹಿತ್ಯದ ವಿದ್ಯಾರ್ಥಿಗಳು ಅದನ್ನು ಬಲ್ಲರು. ಕ್ರಿ. ಶ. 949ರ ತಕ್ಕೋಲದ ಯುದ್ಧದ ತರುವಾಯ ಮಣಲೇರನು ತನ್ನೊಡೆಯನಾದ ಗಂಗರ ಬೂತುಗನಿಂದ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಅದು ದೊಡ್ಡದೊಂದು ಹಂದಿಯೊಡನೆ ಕಾದಿ, ಎರಡೂ ಮಡಿದವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿ ಗೈದ ಪಾಪ ತಟ್ಟುವುದೆಂದೂ ಬರೆಸಲಾಯಿತು. ಆ ಸ್ವಾಮಿನಿಷ್ಠ ಪ್ರಾಣಿಗೆ ಸಂದ ಗೌರವ ಸರಿಯಾದುದೇ. ಆದರೆ ಆ ಕಲ್ಲಿನ ಮುಂದೆ ನಿಂತಾಗ, ಅದೇ ಮದ್ದೂರು ಸೀಮೆಯಲ್ಲಿ ಈಶ್ವರ ಸಂವತ್ಸರದಂದು ದಾರಿಯ ಬದಿಯಲ್ಲಿ ಬಿದ್ದವರ ನೆನಪು ಬಾರದಿರದು. ಕಾದಿ ಸತ್ತವನಿಗೆ ನಮ್ಮ ನಾಡು ಊರೂರಿಗೂ ವೀರಗಲ್ಲು ನಿಲ್ಲಿಸಿತು. ಹಸಿದು ಸತ್ತವನಿಗೆ ಕಲ್ಲು ನಿಲ್ಲಿಸುವ ಪದ್ಧತಿಯೇ ನಮ್ಮಲ್ಲಿ ಬೆಳೆಯಲಿಲ್ಲ.

ಕಲ್ಲು ಬೇಡ, ಅವರು ಬಳಸಿದ ಪಾತ್ರೆ ಪದಾರ್ಥಗಳಾದರೂ ಸಾಕೆನ್ನೋಣ. ತೊಡಕು ಅಲ್ಲಿಯೇ ಇದೆ. ಕ್ಷಾಮವೆಂದರೆ ವಸ್ತುಗಳು ಮನೆಯಿಂದ ಹೊರಟುಹೋಗುವ ಕಾಲ. ಮೊದಲು ಹೆಂಗಸರ ಮೈಮೇಲಿನ ಬೆಳ್ಳಿ, ಅನಂತರ ಹಿತ್ತಾಳೆ ತಾಮ್ರದ ಪಾತ್ರೆಗಳು, ಆಮೇಲೆ ಎತ್ತು, ನೇಗಿಲು, ಕೊನೆಗೆ ಮನೆಯ ಬಾಗಿಲು ತೊಲೆಗಳು. ಇವೆಲ್ಲ ಮಾರಿಹೋದ ಮೇಲೆ ಉಳಿದದ್ದು ಮಣ್ಣಿನ ಗಡಿಗೆ. ಅದು ಒಡೆದರೆ ಮಣ್ಣಿಗೇ ಸೇರಿತು. ಹೀಗಾಗಿ ಆ ಕಾಲದ್ದೆಂದು ಇಂದು ಕೈಗೆ ಸಿಗುವ ವಸ್ತುಗಳಲ್ಲಿ ಬಹುಪಾಲು ಬರ ತಟ್ಟದವರವು ಅಥವಾ ಪರಿಹಾರ ಹಂಚಿದವರವು. ಅನ್ನ ಇಕ್ಕಿದವರ ಕೊಪ್ಪರಿಗೆ ಉಳಿಯುತ್ತದೆ, ಉಂಡವರ ತಣಿಗೆ ಉಳಿಯುವುದಿಲ್ಲ. ಸಿಕ್ಕಿದ್ದನ್ನೆಲ್ಲ ತಂದಿಟ್ಟರೆ ಕ್ಷಾಮದ ಕೋಣೆ ದಾನದ ಕೋಣೆಯಾಗಿಬಿಡುವ ಅಪಾಯವಿದೆ.

ಈ ದೃಷ್ಟಿಯಿಂದ ನಾವು ಮೊದಲು ಆರಿಸುವ ವಸ್ತು 1877ನೆಯ ಇಸವಿಯ ಬೆಳ್ಳಿ ರೂಪಾಯಿ. ನಾಣ್ಯಪ್ರೇಮಿಗಳಿಗೆ ಇದು ದುರ್ಲಭವಲ್ಲ. ಒಂದು ತೊಲ ತೂಕ, ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಅದರ ಮುಖದ ಮೇಲೆ ಅದುವರೆಗೆ ಇದ್ದ ರಾಣಿ ಎಂಬ ಬಿರುದು ಹೋಗಿ ಸಾಮ್ರಾಜ್ಞಿ ಎಂಬ ಬಿರುದು ಬಂದದ್ದು ಆ ವರ್ಷದಿಂದ. 1877ರ ಜನವರಿ 1ರಂದು ದೆಹಲಿಯಲ್ಲಿ ವೈಸರಾಯ್ ಲಿಟನ್ ಮಹಾ ದರ್ಬಾರು ನಡೆಸಿ ಈ ಬಿರುದನ್ನು ಘೋಷಿಸಿದಾಗ ದಕ್ಷಿಣದಲ್ಲಿ ಜನ ಸಾಯತೊಡಗಿದ್ದರು. ಸಂಗ್ರಹಾಲಯಗಳು ಈ ನಾಣ್ಯವನ್ನು ರಾಣಿಯ ಹೆಸರು, ಇಸವಿ, ಟಂಕಸಾಲೆ ಇಷ್ಟನ್ನೇ ಬರೆದು ಇಡುವುದು ವಾಡಿಕೆ. ಆದರೆ ಆ ವರ್ಷಗಳಲ್ಲಿ ಮುಂಬಯಿ ಟಂಕಸಾಲೆಯ ಕುಲುಮೆಗೆ ಬಿದ್ದ ಬೆಳ್ಳಿಯಲ್ಲಿ ಬರದ ಸೀಮೆಗಳ ಒಕ್ಕಲುಮಕ್ಕಳು ಮಾರಿದ ಆಭರಣಗಳೂ ಸೇರಿದ್ದವು. ಕಡಗ, ಡಾಬು, ಕಾಲುಂಗುರಗಳು ಕರಗಿ ಸಾಮ್ರಾಜ್ಞಿಯ ಮುಖವಾದವು. ಇಷ್ಟಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಂಡು ಬೆಳ್ಳಿಯ ಕರಡಿಗೆಯನ್ನು ಸಾಹುಕಾರನ ತಕ್ಕಡಿಗೆ ಇಟ್ಟವರು ಎಷ್ಟು ಮಂದಿಯೋ, ಎಣಿಸಿದವರಿಲ್ಲ. ಬಡವರ ಮನೆಯಿಂದ ಹೊರಟ ವಸ್ತು ರೂಪಾಂತರ ಹೊಂದಿ ಉಳಿದಿದ್ದರೆ ಅದು ಇಂಥ ನಾಣ್ಯದಲ್ಲಿ ಮಾತ್ರ. ಹೊಸ ವಸ್ತುವನ್ನು ಹುಡುಕಬೇಕಾಗಿಲ್ಲ. ಇರುವ ವಸ್ತುವಿನ ಮುಂದಿನ ಬರಹವನ್ನು ಬದಲಿಸಿದರೆ ಸಾಕು.

ಎರಡನೆಯದು ಹಗೇವು. ವಿಜಾಪುರ, ಧಾರವಾಡ, ರಾಯಚೂರು ಕಡೆಯ ಎರೆಸೀಮೆಯ ವಾಚಕರಿಗೆ ಇದರ ವರ್ಣನೆ ಬೇಡ. ಮನುಷ್ಯನೊಬ್ಬ ಇಳಿಯುವಷ್ಟು ಕಿರಿದಾದ ಬಾಯಿ, ಒಳಗೆ ಹರವಾದ ಹೊಟ್ಟೆ, ಸುತ್ತಲೂ ಹುಲ್ಲಿನ ಹೊದಿಕೆ, ಮೇಲೆ ಚಪ್ಪಡಿ ಮತ್ತು ಮಣ್ಣಿನ ಮುಚ್ಚಿಗೆ. ಜೋಳ ಅದರಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ತೆಗೆದ ಕೂಡಲೇ ಇಳಿಯುವಂತಿರಲಿಲ್ಲ. ದೀಪ ಬಿಟ್ಟು ನೋಡಿ, ಅದು ನಂದದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ನೆಲದೊಳಗಿನ ಗುಂಡಿಯನ್ನು ಕಿತ್ತು ತಂದು ಕೋಣೆಯಲ್ಲಿ ಇಡಲಾಗದೆಂಬುದು ನಿಜ. ಸೀಳಿದ ಮಾದರಿಯೊಂದನ್ನು ಕಟ್ಟಿ ತೋರಿಸಬಹುದು. ಅದನ್ನು ಪೂರ್ವಿಕರ ಜಾಣ್ಮೆಯೆಂದು ಹೊಗಳಿ ಬಿಡದೆ, ಬರದಲ್ಲಿ ಯಾರ ಹಗೇವು ತುಂಬಿತ್ತು, ಯಾರದು ಬರಿದಾಗಿತ್ತು, ಬಾಯಿ ತೆರೆದಾಗ ಕಾಳಿನ ಧಾರಣೆ ಎಷ್ಟಾಗಿತ್ತು ಎಂಬುದನ್ನು ಕೇಳಬೇಕು.

ರೈಲುದಾರಿಯ ವಿಷಯ ಬೇಗ ಮುಗಿಸಬಹುದು. ಬೆಂಗಳೂರು-ಮೈಸೂರು ದಾರಿ ಬರದ ಕಾಮಗಾರಿಯಾಗಿ ಆರಂಭವಾಗಿ 1882ರಲ್ಲಿ ಮೈಸೂರನ್ನು ಮುಟ್ಟಿತು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿದಾಗ ಕ್ಷಾಮದಿಂದಾದ 80 ಲಕ್ಷ ರೂಪಾಯಿಗಳ ಸಾಲವೂ ಜೊತೆಗೇ ಬಂದಿತು. ಮೈಸೂರಿನಲ್ಲಿ 1979ರಿಂದ ರೈಲ್ವೆ ವಸ್ತುಸಂಗ್ರಹಾಲಯವೊಂದಿದೆ. ಅಲ್ಲಿ ಎಂಜಿನುಗಳದ್ದೇ ವೈಭವ. ಹಸಿದವರು ಹೊತ್ತು ಹಾಕಿದ್ದು ಎಂಜಿನನ್ನಲ್ಲ, ಏರಿಯ ಮಣ್ಣನ್ನು. ಆದುದರಿಂದ ಒಂದು ಮಂಕರಿ, ಒಂದು ಗುದ್ದಲಿ ಅಲ್ಲಿ ಎಂಜಿನಿನ ಪಕ್ಕದಲ್ಲಿ ಇರತಕ್ಕದ್ದು.

ಛಾಯಾಚಿತ್ರಗಳ ಬಗ್ಗೆ ನಮಗೆ ಅಳುಕಿದೆ. ಮದರಾಸು ಸೈನ್ಯದ ಅಧಿಕಾರಿ ಹೂಪರ್ ಎಂಬಾತ ಎಲುಬಿನ ಹಂದರಗಳಂತಿದ್ದ ಜನರನ್ನು ಸಾಲಾಗಿ ಕುಳ್ಳಿರಿಸಿ ತೆಗೆದ ಚಿತ್ರಗಳು ಇಂದಿಗೂ ಪುಸ್ತಕಗಳಲ್ಲಿ ಅಚ್ಚಾಗುತ್ತಿವೆ. ಅವು ಪ್ರಬಲವಾದ ಸಾಕ್ಷ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೂರೆಂದಾಗ ಕೂರಲೇಬೇಕಾಗಿದ್ದ ಆ ಜನರ ಹೆಸರು ನಮಗೆ ಗೊತ್ತಿಲ್ಲ, ಒಪ್ಪಿಗೆಯೂ ಗೊತ್ತಿಲ್ಲ. ಗೋಡೆಯ ತುಂಬ ಅವನ್ನು ತೂಗುಹಾಕಿದರೆ ನೋಡುವವನು ಮರುಗುವನು, ಕಾರಣವನ್ನು ಕೇಳಲಾರನು. 1877ರ ಅಕ್ಟೋಬರಿನಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯೊಂದು ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾದ ಜನರ ಚಿತ್ರವನ್ನು ಅಚ್ಚು ಹಾಕಿತ್ತು. ಇಡುವುದಾದರೆ ಇಂಥದೊಂದು ಸಾಕೆಂದು ನಮ್ಮ ಅಭಿಪ್ರಾಯ.

ಅನ್ಯದೇಶದ ಒಂದು ನಿದರ್ಶನ ಇಲ್ಲಿ ಉಪಯುಕ್ತ. 1845ರಿಂದ ಆಲೂಗೆಡ್ಡೆಯ ಬೆಳೆ ನಾಶವಾಗಿ ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅದರ ಸ್ಮರಣೆಗೆ ಸ್ಟ್ರೋಕ್ಸ್‌ಟೌನ್ ಎಂಬಲ್ಲಿ 1994ರಲ್ಲಿ ತೆರೆದ ಸಂಗ್ರಹಾಲಯದ ಜೀವಾಳ ಆ ಊರಿನ ಜಮೀನ್ದಾರನ ಕಚೇರಿಯ ಕಾಗದಗಳು. ಒಕ್ಕಲು ಬಿಡಿಸಿದ ಲೆಕ್ಕಗಳ ನಡುವೆಯೇ ಕೆಲಸ ಕೊಡಿರೆಂದು 1846ರಲ್ಲಿ ಗೇಣಿದಾರರು ಬರೆದುಕೊಂಡ ಬಿನ್ನಹವೂ ಅಲ್ಲಿ ಸಿಕ್ಕಿತು. ಹಸಿದವರ ಮಾತು ಉಳಿದದ್ದು ಅವರನ್ನು ಹೊರಹಾಕಿದವರ ಕಡತದಲ್ಲಿ! ನಮ್ಮ ಜಹಗೀರಿನ ಮನೆಗಳ, ಶಾನುಭೋಗರ ಮನೆಗಳ, ಮಠಗಳ ಕಡತಗಳನ್ನು ಬಿಚ್ಚುವಾಗಲೂ ಕೃತಿಗಳ ಹಸ್ತಪ್ರತಿಗಳನ್ನು ಮಾತ್ರ ಆಯ್ದುಕೊಂಡು, ಕಾಳಿನ ಲೆಕ್ಕದ ಕಾಗದಗಳನ್ನು ರದ್ದಿಗೆ ಹಾಕದಿರುವುದು ಒಳಿತು.

ಮಠಗಳ ಮಾತು ಬಂದುದರಿಂದ ಒಂದನ್ನು ಹೇಳಬೇಕು. ದಾಸೋಹದ ಕೊಪ್ಪರಿಗೆಗಳನ್ನು ಇಂಥ ಕೋಣೆಯ ನಡುವೆ ಇಡಬೇಕೆಂಬ ಆಸೆ ಭಕ್ತರಿಗೆ ಸಹಜ. ನಾವು ಅದನ್ನು ಗೋಡೆಯ ಬದಿಗೆ ಇಡುವೆವು. ದಾಸೋಹವೆಂದರೆ ಇಕ್ಕುವವನು ತಾನು ಕಾಣದಂತೆ ನಿಲ್ಲುವುದು.

ನಡುವೆ ಇಡಬೇಕಾದದ್ದು ರಾಗಿ. 1877ರ ಜನವರಿಯಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರದ ಕಾಮಗಾರಿಯಲ್ಲಿ ದಿನವಿಡೀ ದುಡಿದ ಗಂಡಾಳಿಗೆ ಒಂದು ಪೌಂಡು ಧಾನ್ಯ ಮತ್ತು ಒಂದಾಣೆಗೆ ಸಮನಾದ ಕೂಲಿ ಸಾಕೆಂದು ಗೊತ್ತುಪಡಿಸಿದನು. ಹೆಂಗಸರಿಗೂ ಮಕ್ಕಳಿಗೂ ಇನ್ನೂ ಕಡಿಮೆ. ಮದರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾ. ಕಾರ್ನಿಷ್, ಅಷ್ಟರಲ್ಲಿ ದುಡಿಯುವ ದೇಹ ನಿಲ್ಲದು, ಒಂದೂವರೆ ಪೌಂಡು ಧಾನ್ಯವೂ ಬೇಳೆ ತರಕಾರಿಯೂ ಬೇಕೆಂದು ವಾದಿಸಿದನು. ಲಕ್ಷಾಂತರ ಜನರ ಬದುಕು ಈ ಅರ್ಧ ಪೌಂಡಿನ ವಾದದ ಮೇಲೆ ನಿಂತಿತ್ತು. ಕಾಯಕವೆಂಬ ಮಾತು ಹುಟ್ಟಿದ ನಾಡಿನಲ್ಲಿ ದುಡಿಮೆ ಹಸಿವಿನ ನಿಜಸುಳ್ಳನ್ನು ಪರೀಕ್ಷಿಸುವ ಅಳತೆಗೋಲಾಯಿತು. ಮುಂದೆ ಮದರಾಸು ಸರ್ಕಾರ ಧಾನ್ಯವನ್ನು ಸ್ವಲ್ಪ ಹೆಚ್ಚಿಸಿತಾದರೂ ಅಷ್ಟರಲ್ಲಿ ಬಹಳ ಮಂದಿ ಕುಸಿದಿದ್ದರು.

ಕೋಣೆಯ ನಡುವೆ ಮಣ್ಣಿನ ಎರಡು ಬೋಗುಣಿಗಳಲ್ಲಿ ಒಂದು ಪೌಂಡು ಹಾಗೂ ಒಂದೂವರೆ ಪೌಂಡು ರಾಗಿಯನ್ನು ಅಕ್ಕಪಕ್ಕದಲ್ಲಿ ಇಡಬೇಕು. ಗಾಜು ಮುಚ್ಚಬಾರದು, ಮಕ್ಕಳು ಬೊಗಸೆಯಲ್ಲಿ ಎತ್ತಿ ನೋಡಲಿ. ರಾಗಿ ಬಹುಕಾಲ ಹುಳು ಹಿಡಿಯದ ಧಾನ್ಯವಾದರೂ ಮುಟ್ಟಿದ ಕೈಗಳ ತೇವಕ್ಕೆ ಕೆಡುತ್ತದೆ. ವರ್ಷಕ್ಕೊಮ್ಮೆ ಸುಗ್ಗಿಯ ತರುವಾಯ ಹಳೆಯದನ್ನು ಹಕ್ಕಿಗಳಿಗೆ ಚೆಲ್ಲಿ, ಹೊಸ ರಾಗಿಯನ್ನು ತೂಗಿ ತುಂಬಬೇಕಾಗುತ್ತದೆ.