ಶಾಖಕ್ಕೆ ಜಗ್ಗದ ಹಾಳೆ ಸ್ಕ್ರೂಗೆ ಸೋತ ಕಥೆ

ಇವತ್ತು ನಾನು ಹೇಳೋಕೆ ಹೊರಟಿರೋದು ಒಂದು ತೆಳು ಪ್ಲಾಸ್ಟಿಕ್ ಹಾಳೆಯ ಚರಿತ್ರೆ. ಉಪಗ್ರಹಗಳ ಫೋಟೋಗಳಲ್ಲಿ ಚಿನ್ನದ ಬಣ್ಣದ ಹೊದಿಕೆ ನೋಡಿರ್ತೀರಲ್ಲ? ಬಹಳಷ್ಟು ಸಲ ಅದು ಇದೇ ಹಾಳೆ. ಹೆಸರು ಕ್ಯಾಪ್ಟಾನ್. 1960ರ ದಶಕದಲ್ಲಿ ಅಮೆರಿಕದ ಡುಪಾಂಟ್ ಕಂಪನಿ ಇದನ್ನು ರೂಪಿಸಿತು.

ನಮ್ಮ ಮನೆಗಳ ಮಾಮೂಲಿ ಪಿವಿಸಿ ವೈರ್ ಸುಮಾರು 70 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಗೆ ತಯಾರಾಗಿರುತ್ತೆ. ಕ್ಯಾಪ್ಟಾನ್ 200 ಡಿಗ್ರಿ ದಾಟಿದರೂ ಕರಗಲ್ಲ. ಮೇಲಾಗಿ ತುಂಬಾ ಹಗುರ. ಕಿಲೋಮೀಟರ್‌ಗಟ್ಟಲೆ ವೈರ್ ಹೊತ್ತು ಹಾರಬೇಕಾದ ವಿಮಾನಗಳಿಗೆ ಇನ್ನೇನು ಬೇಕು? ತಾಮ್ರದ ತಂತಿಗೆ ಈ ಹಾಳೆಯನ್ನು ಟೇಪಿನ ಹಾಗೆ ಸುತ್ತಿದರು.

ಆದರೆ ಶಾಖವನ್ನು ತಡೆಯೋದು ಬೇರೆ, ಪೆಟ್ಟು ತಡೆಯೋದು ಬೇರೆ. ಬಿಗಿಯಾಗಿ ಬಗ್ಗಿಸಿ, ತೇವದಲ್ಲಿ ವರ್ಷಗಟ್ಟಲೆ ಬಿಟ್ಟರೆ ಈ ಹಾಳೆ ಬಿರುಕು ಬಿಡುತ್ತೆ. ಬಿರುಕಿನಲ್ಲಿ ಕಿಡಿ ಹಾರಿದರೆ ಹಾಳೆ ಸುಟ್ಟು ಇದ್ದಿಲಾಗುತ್ತೆ. ಇದ್ದಿಲಿನಲ್ಲಿ ವಿದ್ಯುತ್ ಹರಿಯುತ್ತೆ! ಅಂದರೆ ಕಾವಲುಗಾರನೇ ಕಳ್ಳನಿಗೆ ದಾರಿ ತೋರಿಸಿದ ಹಾಗೆ. ಕಿಡಿ ಪಕ್ಕದ ವೈರುಗಳಿಗೂ ಹಬ್ಬುತ್ತೆ. ಇದಕ್ಕೆ ಆರ್ಕ್ ಟ್ರ್ಯಾಕಿಂಗ್ ಅಂತಾರೆ. 1980ರ ದಶಕದಲ್ಲೇ ಅಮೆರಿಕದ ನೌಕಾಪಡೆ ತನ್ನ ಹೊಸ ವಿಮಾನಗಳಿಗೆ ಈ ವೈರ್ ಬೇಡ ಅಂದಿತು.

ಆದರೆ ನಾಸಾದ ಸ್ಪೇಸ್ ಶಟಲ್‌ಗಳಲ್ಲಿ ಅದು ಉಳಿದಿತ್ತು. 1999ರ ಜುಲೈ 23. ಐದು ಜನರನ್ನೂ, ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನ ಚಂದ್ರ ದೂರದರ್ಶಕವನ್ನೂ ಹೊತ್ತು ಕೊಲಂಬಿಯಾ ಮೇಲೇರಿತು. ಕಮಾಂಡರ್ ಐಲೀನ್ ಕಾಲಿನ್ಸ್, ಶಟಲ್ ಮುನ್ನಡೆಸಿದ ಮೊದಲ ಮಹಿಳೆ. ನೆಲ ಬಿಟ್ಟು ಸುಮಾರು ಐದೇ ಸೆಕೆಂಡಿಗೆ ಶಾರ್ಟ್ ಸರ್ಕ್ಯೂಟ್. ಎರಡು ಎಂಜಿನ್‌ಗಳ ಒಂದೊಂದು ನಿಯಂತ್ರಕ ಕಂಪ್ಯೂಟರ್ ಬಂದ್! ಪ್ರತಿ ಎಂಜಿನ್‌ಗೂ ಎರಡೆರಡು ಕಂಪ್ಯೂಟರ್ ಇದ್ದದ್ದಕ್ಕೆ ಎಲ್ಲರೂ ಬಚಾವಾದರು.

ವಾಪಸ್ ಬಂದ ಮೇಲೆ ಬಿಚ್ಚಿ ನೋಡಿದರೆ ಕಾರಣ ಶಾಖ ಅಲ್ಲವೇ ಅಲ್ಲ. ತಲೆ ಒರಟಾಗಿದ್ದ ಒಂದು ಸ್ಕ್ರೂಗೆ ವೈರ್ ಉಜ್ಜಿ ಉಜ್ಜಿ ಹಾಳೆ ಸವೆದಿತ್ತು. ಎಲ್ಲ ಶಟಲ್‌ಗಳನ್ನೂ ನಿಲ್ಲಿಸಿ ವೈರ್ ತಪಾಸಣೆ ಮಾಡಿದರು, ಅಪಾಯದ ಜಾಗಗಳಲ್ಲಿ ವೈರಿಗೆ ರಕ್ಷಾಕವಚ ಹಾಕಿದರು. ಮುಂದಿನ ಶಟಲ್ ಹಾರಿದ್ದು ಡಿಸೆಂಬರ್‌ನಲ್ಲಿ.

ಈ ಚರಿತ್ರೆಯಿಂದ ನನಗೆ ಅರ್ಥವಾಗಿದ್ದು ಇಷ್ಟೇ: ಒಂದು ವಸ್ತು ಎಷ್ಟು ಡಿಗ್ರಿ ತಡೆಯುತ್ತೆ ಅನ್ನೋದು ಅರ್ಧ ಉತ್ತರ. ಅದನ್ನು ಎಲ್ಲಿ ಬಗ್ಗಿಸ್ತೀವಿ, ಯಾವುದಕ್ಕೆ ಉಜ್ಜುತ್ತೆ ಅನ್ನೋದು ಉಳಿದರ್ಧ. ನೀವು ಈಗ ಹಿಡಿದಿರೋ ಫೋನಿನೊಳಗಿನ ಬಾಗುವ ರಿಬ್ಬನ್ ಕೇಬಲ್‌ಗಳೂ ಇದೇ ಜಾತಿಯ ಹಾಳೆಯವು. ಫೋನ್ ರಿಪೇರಿ ಮಾಡೋರು ಅವನ್ನು ಅಷ್ಟು ನಾಜೂಕಾಗಿ ಎತ್ತೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ?